ಕೈ ಬೇರೆ ಇಟ್ಟ ಐದು ಹಾಳೆ

ಆಲಸನತ್ತಂ, ಹೊಸೂರು
14-8-1982

ಅಪ್ಪನಿಗೆ ರತ್ನ ಮಾಡುವ ನಮಸ್ಕಾರಗಳು.

ಅಣ್ಣನ ಕೈಯಲ್ಲಿ ರೇಷ್ಮೆ ಮೊಟ್ಟೆ ಕಳಿಸಿದ್ದೇನೆ. ಐದು ಹಾಳೆ, ಒಂದೊಂದರಲ್ಲೂ ಇಪ್ಪತ್ತು ಚಿಟ್ಟೆಯ ಮೊಟ್ಟೆ. ಫ್ಯಾಕ್ಟರಿ ಬಸ್ಸಿನಲ್ಲಿ ಯಾರಾದರೂ ಮೇಲೆ ಕೂತುಬಿಟ್ಟಾರು, ತೊಡೆಯ ಮೇಲಿಟ್ಟುಕೊಂಡು ಹೋಗು ಎಂದು ಎರಡೆರಡು ಸಲ ಹೇಳಿದ್ದೇನೆ. ಅವನು 'ಆಯ್ತು ಬುಡು' ಎಂದ. ಅವನ 'ಆಯ್ತು ಬುಡು' ನಿಮಗೂ ಗೊತ್ತು, ನನಗೂ ಗೊತ್ತು. ತಲುಪಿದ ಕೂಡಲೇ ಒಂದು ಕಾರ್ಡು ಹಾಕಿ.

ಹೋದ ಸಲ ನಾನು ಊರಿಗೆ, ಸಾನಮಾವಿಗೆ ಬಂದಾಗ ನೀವು ಕೇಳಿದಿರಿ, 'ದಿನವೆಲ್ಲ ಆ ಕೊಳವೆಯೊಳಗೆ ಏನಮ್ಮ ನೋಡ್ತೀಯ, ಸಿನಿಮಾನಾ?' ಅಮ್ಮ ನಕ್ಕಳು, ನಾನು ಮುನಿಸಿಕೊಂಡೆ. ಈಗ ಉತ್ತರ ಕೊಡುತ್ತೇನೆ. ಮೊಟ್ಟೆ ಇಟ್ಟು ಮುಗಿಸಿದ ತಾಯಿ ಚಿಟ್ಟೆಗಳನ್ನು ಹಾಳೆಗೆ ನಾಲ್ಕರಂತೆ ತೆಗೆದು ಅರೆಯುತ್ತೇವೆ. ಆ ರಸದ ಒಂದು ಹನಿಯನ್ನು ಗಾಜಿನ ಮೇಲೆ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತೇನೆ. ಚಿಟ್ಟೆಗೆ ಗಂಟುರೋಗ ಇದ್ದರೆ ಸಣ್ಣ ಸಣ್ಣ ಹೊಳೆಯುವ ಕಾಳುಗಳು ಕಾಣುತ್ತವೆ. ತಾಯಿಯ ರೋಗ ಮೊಟ್ಟೆಯೊಳಗಿಂದಲೇ ಹುಳುವಿಗೆ ಬರುತ್ತದೆ. ಒಂದೇ ಒಂದು ಕಾಳು ಕಂಡರೂ ಇಡೀ ಹಾಳೆ ಬೆಂಕಿಗೆ. ಕಾಣದಿದ್ದರೆ ಮುದ್ರೆ ಒತ್ತಿ ರೈತರಿಗೆ ಕೊಡುತ್ತೇವೆ. ದಿನಕ್ಕೆ ಇನ್ನೂರು ಗಾಜು ನೋಡುತ್ತೇನೆ. ಇದೇ ನನ್ನ ಸಿನಿಮಾ.

ನಿಮಗೆ ಸುಳ್ಳು ಹೇಳಲಾರೆ. 'ಮೈ ಇಲ್ಲಿ, ಮನಸ್ಸು ತಳಿ ಊರ ಸಂತೇಲಿ' ಎಂದು ನೀವು ನನ್ನ ತಲೆಗೆ ಮೊಟಕುತ್ತಿದ್ದಿರಲ್ಲ, ಆ ರೋಗ ಇನ್ನೂ ಹೋಗಿಲ್ಲ. ಮೊನ್ನೆ ಗಾಜು ನೋಡುವುದಕ್ಕೆ ಮುಂಚೆ ಹಾಳೆಗಳನ್ನು ಜೋಡಿಸುತ್ತ ಕೂತಿದ್ದೆ. ಕೂತವಳು ಬಸ್ ಕಂಡಕ್ಟರ್ ಆಗಿಬಿಟ್ಟೆ. ಡೆಂಕಣಿಕೋಟೆ ದಾರಿಯಲ್ಲಿ ಸೀಟಿ ಊದುತ್ತ, ಟಿಕೆಟ್ ಹರಿಯುತ್ತ, ಒಬ್ಬ ಮುದುಕನಿಗೆ 'ಮುಂದಕ್ಕೆ ಹೋಗಿ ತಾತ' ಎಂದು ಗದರಿಸುತ್ತ ಇದ್ದೆ. ನಮ್ಮ ಮೊಟ್ಟೆ ಕೇಂದ್ರದ ಮಾಲೀಕರು ಜಯರಾಮಯ್ಯನವರು ಪಕ್ಕದಲ್ಲಿ ನಿಂತು, 'ಇವೈದು ಯಾಕಮ್ಮ ಬೇರೆ ಇಟ್ಟೆ?' ಎಂದರು. ನೋಡಿದರೆ ಐದು ಹಾಳೆ ಎಡಗಡೆ ಬೇರೆಯಾಗಿ ಬಿದ್ದಿವೆ. ಇಟ್ಟದ್ದು ನನ್ನದೇ ಕೈ. ಯಾಕೆ ಎಂದು ನನಗೆ ಗೊತ್ತಿಲ್ಲ!

ನಾಚಿಕೆಯಾಯಿತು. ಮೈಯೆಲ್ಲ ಕಣ್ಣಾಗಿ ಆ ಐದು ಹಾಳೆಯ ಗಾಜುಗಳನ್ನು ಒಂದಲ್ಲ, ಎರಡು ಸಲ ನೋಡಿದೆ. ಒಂದು ಕಾಳೂ ಇರಲಿಲ್ಲ. ಮುದ್ರೆ ಒತ್ತಿದೆ. ಎರಡು ಸಲ ನೋಡಿದ ಹಾಳೆ, ಬೇರೆ ಯಾರಿಗೋ ಏಕೆ ಕೊಡಲಿ, ನಮ್ಮ ಮನೆಗೇ ಹೋಗಲಿ ಎಂದು ಅಣ್ಣನ ಕೈಗೆ ಕೊಟ್ಟೆ.

ಅಮ್ಮನಿಗೂ ಅತ್ತಿಗೆಗೂ ನನ್ನ ನಮಸ್ಕಾರ. ಅತ್ತಿಗೆ ಹಾಡುತ್ತ ಸೊಪ್ಪು ಹೆಚ್ಚುವುದನ್ನು ನೋಡಿ ಬಹಳ ದಿನವಾಯಿತು. ಬೆರಳು ಜೋಪಾನ ಎಂದು ಹೇಳಿ.

ನಿಮ್ಮ ಮಗಳು
ಗಂಗರತ್ನಮ್ಮ


ಸಾನಮಾವು
17-9-1982

ಚಿರಂಜೀವಿ ರತ್ನಳಿಗೆ ನಿನ್ನ ಅಪ್ಪ ಕದಿರಪ್ಪನ ಆಶೀರ್ವಾದ.

ಅಕ್ಷರ ಕೆಟ್ಟಿದ್ದರೆ ಬೈಯಬೇಡ. ಹುಳ ಹೋಯಿತು ಕಣಮ್ಮ. ಐದು ಹಾಳೆಯದೂ ಹೋಯಿತು. ನಾಲ್ಕನೇ ಜ್ವರದಲ್ಲಿ ಪೊರೆ ಕಳಚಿ ಎದ್ದು ಗಬಗಬ ತಿನ್ನಬೇಕಾದ ಹುಳ ತಟ್ಟೆಯಲ್ಲಿ ತಲೆಯೆತ್ತದೆ ಮಲಗಿತು. ಮೂರು ದಿನದಲ್ಲಿ ಎಲ್ಲ ಕರಗಿತು. ಗುಂಡಿ ತೋಡಿ, ಸುಣ್ಣ ಹಾಕಿ ಮುಚ್ಚಿದೆವು. ಇಪ್ಪತ್ತೆಂಟು ವರ್ಷದಿಂದ ಹುಳ ಸಾಕುತ್ತಿದ್ದೇನೆ, ಒಂದು ಬೆಳೆ ಪೂರ್ತಿ ನೆಲ ಕಂಡದ್ದು ಇದೇ ಮೊದಲು.

ಆದರೆ ಈ ಕಾಗದ ಅದಕ್ಕಲ್ಲ. ನಿನ್ನ ಅತ್ತಿಗೆ ನರಸಮ್ಮನನ್ನು ಜವಳಗಿರಿಗೆ, ಅವಳ ಅಪ್ಪನ ಮನೆಗೆ ಕಳಿಸಿಬಿಟ್ಟೆವು.

ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ. ಎರಡನೇ ಜ್ವರ ಎದ್ದಾಗ ಹುಳ ನಮ್ಮ ಕಣ್ಣಿಗೆ ಚೆನ್ನಾಗಿಯೇ ಇತ್ತು. ನರಸಮ್ಮ ಎಂದಿನಂತೆ ತೊಲೆ ನೋಡಿಕೊಂಡು ಏನೋ ಗುನುಗುತ್ತ ತಟ್ಟೆ ಬದಲಾಯಿಸುತ್ತಿದ್ದಳು. ಇದ್ದಕ್ಕಿದ್ದಂತೆ, 'ಅತ್ತೆ, ಹುಳ ಯಾಕೋ ಸರಿ ಇಲ್ಲ' ಎಂದಳು. ನಿಮ್ಮಮ್ಮ ಪಾರ್ವತಮ್ಮ ಬಗ್ಗಿ ಬಗ್ಗಿ ನೋಡಿದಳು, ಏನೂ ಕಾಣಲಿಲ್ಲ. 'ಏನೇ ಸರಿ ಇಲ್ಲ?' ಎಂದರೆ, 'ಗೊತ್ತಿಲ್ಲ ಅತ್ತೆ, ಹಂಗನ್ನಿಸ್ತು' ಎಂದಳು. ಹದಿನೈದು ದಿನದಲ್ಲಿ ಹುಳ ಸತ್ತಿತು.

ಆಗ ನಿಮ್ಮಮ್ಮ ಅಂಗಳದಲ್ಲಿ ನಿಂತು ಕೂಗಿದಳು: 'ನಮ್ಗ್ಯಾರ್ಗೂ ಕಾಣ್ದಿದ್ದು ಇವ್ಳಿಗೆಂಗೆ ಗೊತ್ತಾಯ್ತು? ಹೊರಗಾಗಿದ್ದೋಳು ಮುಚ್ಚಿಟ್ಕೊಂಡು ಹುಳದ ಮನೆ ಒಳಕ್ಕೆ ಹೋಗವ್ಳೆ. ಮಾಡಿದ್ ತಪ್ಪು ಮನ್ಸಿಗೆ ಚುಚ್ಚಿ, ಬಾಯಿಗೆ ಬಂದೈತೆ!'

ನರಸಮ್ಮ ಬೆಚ್ಚಿ ನಿಂತಳು. 'ಇಲ್ಲ ಅತ್ತೆ, ನಾನು ಆಗಿರ್ಲಿಲ್ಲ' ಎಂದಳು. ಒಂದೇ ಸಲ ಹೇಳಿದಳು. ನಿನ್ನ ಅಣ್ಣ ಚೆನ್ನಕೇಶವ ಡ್ಯೂಟಿಯಿಂದ ಬಂದವನು ಊಟದ ಕ್ಯಾರಿಯರ್ ಕೆಳಗಿಡದೆ ನಿಂತೇ ಇದ್ದ. ಊರವರು ನಾಲ್ಕು ಜನ ಬಂದರು. ಮುಟ್ಟಾದವಳು ಹುಳದ ಮನೆ ಹೊಕ್ಕರೆ ಬೆಳೆ ನಿಲ್ಲುವುದಿಲ್ಲ ಎಂಬುದನ್ನು ಅವರಿಗೆ ಹೇಳಿಕೊಡಬೇಕೇ? ನಾನೂ ತಲೆಯಾಡಿಸಿದೆ.

ಈಗ ನಿನ್ನ ಸೋದರಮಾವ ವೆಂಕಟರಮಣಪ್ಪ ಬಂದು ಹೋಗಿದ್ದಾನೆ. ದೀಪಾವಳಿ ಕಳೆದ ಮೇಲೆ ನ್ಯಾಯ ಸೇರಿಸಿ ಅವಳನ್ನು ಪೂರ್ತಿ ಬಿಡಿಸುವುದು, ತನ್ನ ಮಗಳನ್ನು ಚೆನ್ನಕೇಶವನಿಗೆ ಕೊಡುವುದು ಎಂದು ಹೇಳುತ್ತಿದ್ದಾನೆ. ನಿಮ್ಮಮ್ಮ ಹೂಂ ಎಂದಿದ್ದಾಳೆ.

ಮೊಟ್ಟೆಯದು ತಪ್ಪಿರಬಹುದೇ ಎಂದು ಒಬ್ಬ ಕೇಳಿದ. 'ನನ್ ಮಗಳು ಎರಡು ಸಲ ನೋಡಿ ಮುದ್ರೆ ಒತ್ತಿರೋ ಹಾಳೆ ಕಣ್ಲಾ' ಎಂದು ಅವನ ಬಾಯಿ ಮುಚ್ಚಿಸಿದೆ.

ಇತಿ ನಿನ್ನ ಅಪ್ಪ
ಕದಿರಪ್ಪ


ಆಲಸನತ್ತಂ
20-9-1982

ಅಪ್ಪನಿಗೆ ನಮಸ್ಕಾರ.

ಕಾಗದ ಓದಿ ಊಟ ಸೇರಲಿಲ್ಲ. ಅತ್ತಿಗೆಯನ್ನೇ? ನಮ್ಮ ಅತ್ತಿಗೆಯನ್ನೇ? ನೀವು ತಲೆಯಾಡಿಸಿದಿರಾ ಅಪ್ಪ?

ಈಗ ನಾನು ಕೇಳುವುದಕ್ಕೆ ಉತ್ತರ ಕೊಡಿ, ಬೇರೇನೂ ಕೇಳಬೇಡಿ. ಸತ್ತ ಹುಳುಗಳು ಒಂದೇ ಅಳತೆ ಇದ್ದವೋ, ದೊಡ್ಡದು ಚಿಕ್ಕದು ಬೆರೆತಿದ್ದವೋ? ಮೈಮೇಲೆ ಮೆಣಸಿನ ಪುಡಿ ಉದುರಿಸಿದ ಹಾಗೆ ಕರಿ ಚುಕ್ಕೆ ಇದ್ದವೋ? ಒಣಗಿದ ಹುಳು ತಟ್ಟೆಯ ಸಂದಿಯಲ್ಲಿ ಎಲ್ಲಾದರೂ ಉಳಿದಿದ್ದರೆ ಹತ್ತನ್ನು ಕಾಗದದಲ್ಲಿ ಸುತ್ತಿ ಅಣ್ಣನ ಕೈಗೆ ಕೊಡಿ. ಕ್ಯಾರಿಯರಿನಲ್ಲಿ ಮಾತ್ರ ಇಡಬೇಡಿ.

ದೀಪಾವಳಿಯವರೆಗೆ ಯಾರಿಗೂ ಮಾತು ಕೊಡಬೇಡಿ. ಕೈ ಮುಗಿದು ಕೇಳುತ್ತೇನೆ.

ರತ್ನ


ಆಲಸನತ್ತಂ
6-10-1982

ಅಪ್ಪನಿಗೆ ನಿಮ್ಮ ಮಗಳು ಗಂಗರತ್ನಮ್ಮ ಬರೆಯುವುದು.

ಇದನ್ನು ಒಬ್ಬರೇ ಕೂತು ಓದಿ. ಅತ್ತಿಗೆಯದು ಏನೂ ತಪ್ಪಿಲ್ಲ. ಹುಳ ಕೊಂದವಳು ನಾನು.

ನೀವು ಕಳಿಸಿದ ಹತ್ತು ಹುಳುಗಳನ್ನೂ ಅರೆದು ನೋಡಿದೆ. ಮೊದಲನೇ ಗಾಜಿನಲ್ಲೇ ಕಂಡಿತು. ಎಲ್ಲಿ ನೋಡಿದರೂ ಕಾಳು, ಹೊಳೆಯುವ ಕಾಳು. ಹತ್ತಕ್ಕೆ ಹತ್ತೂ ಗಂಟುರೋಗ. ಅದು ತಾಯಿ ಚಿಟ್ಟೆಯಿಂದ ಬಂದದ್ದು, ನಾನು ಮುದ್ರೆ ಒತ್ತಿದ ಹಾಳೆಯಲ್ಲಿ ಬಂದದ್ದು. ನನ್ನ ಕೈ ಬೇರೆ ಇಟ್ಟಿದ್ದ ಅದೇ ಐದು ಹಾಳೆ!

ಹಾಗಾದರೆ ಕೈಗೆ ಹೇಗೆ ಗೊತ್ತಾಯಿತು? ಗಾಜು ನೋಡುವುದಕ್ಕೆ ಮುಂಚೆಯೇ, ಮನಸ್ಸು ಡೆಂಕಣಿಕೋಟೆ ಬಸ್ಸಿನಲ್ಲಿದ್ದಾಗ? ನನಗೆ ಹೆದರಿಕೆಯಾಯಿತು. ಜೊತೆಯಲ್ಲಿ ಕೆಲಸ ಮಾಡುವ ಪಾಪಮ್ಮನಿಗೆ ಹೇಳಿದೆ. ಅವಳು ನನ್ನ ಹಣೆ ಮುಟ್ಟಿ ನೋಡಿ, ಆಮೇಲೆ, 'ಮತ್ತೊಂದ್ ಸಲ ಮಾಡು ನೋಡಾಣ' ಎಂದಳು.

ಅರವತ್ತು ಹೊಸ ಹಾಳೆ ಮುಂದಿಟ್ಟುಕೊಂಡು ಕೂತೆ. ಮನಸ್ಸು ಅಲೆಯಲಿ ಎಂದು ಕಾದರೆ ಅದು ಅಲೆಯುತ್ತದೆಯೇ? ಗೂಟಕ್ಕೆ ಕಟ್ಟಿದ ಎಮ್ಮೆಯ ಹಾಗೆ ಅಲ್ಲೇ ನಿಂತಿತು. ಬೇಡ ಎಂದಾಗ ಊರೆಲ್ಲ ಸುತ್ತುತ್ತದೆ, ಹೋಗು ಎಂದರೆ ಹೋಗುವುದಿಲ್ಲ. ಕೊನೆಗೆ ಪಾಪಮ್ಮ ತನ್ನ ಅತ್ತೆ ಕೊಳಾಯಿಯ ಹತ್ತಿರ ಮಾಡಿದ ಜಗಳವನ್ನು ಉದ್ದಕ್ಕೆ ಹೇಳಿದಳು. ಕೇಳುತ್ತ ಕೇಳುತ್ತ ನಾನು ಎಲ್ಲಿಗೋ ಹೋದೆ. ತಿರುಗಿ ಬಂದಾಗ ಏಳು ಹಾಳೆ ಎಡಗಡೆ ಇದ್ದವು.

ಆ ಏಳರ ತಾಯಿ ಚಿಟ್ಟೆಗಳನ್ನು ನಾಲ್ಕಲ್ಲ, ಇಪ್ಪತ್ತಕ್ಕೆ ಇಪ್ಪತ್ತನ್ನೂ ಅರೆದೆವು. ಎರಡು ದಿನ ಹಿಡಿಯಿತು. ಐದು ಹಾಳೆಗಳಲ್ಲಿ ಕಾಳು ಸಿಕ್ಕಿತು. ಬಲಗಡೆಯಿಂದಲೂ ಏಳು ಹಾಳೆ ತೆಗೆದು ಹಾಗೆಯೇ ನೋಡಿದೆವು. ಒಂದರಲ್ಲೂ ಇಲ್ಲ. ಪಾಪಮ್ಮ ಕುರ್ಚಿಯಿಂದ ಎದ್ದು ನಿಂತುಬಿಟ್ಟಳು. 'ನಿನ್ ಮೈಮೇಲೆ ಯಾರಾದ್ರೂ ಬತ್ತಾರೇನೇ?' ಎಂದಳು.

ಯಾರೂ ಬರುವುದಿಲ್ಲ ಅಪ್ಪ. ಆ ಹಾಳೆಗಳನ್ನು ಬೆಳಕಿಗೆ ಹಿಡಿದು ಹಿಡಿದು ನೋಡಿದ ಮೇಲೆ ತಿಳಿಯಿತು. ಒಳ್ಳೆಯ ಚಿಟ್ಟೆ ಮೊಟ್ಟೆಗಳನ್ನು ಸಾಲಾಗಿ, ಬಿಡಿಬಿಡಿಯಾಗಿ ಇಡುತ್ತದೆ. ರೋಗದ ಚಿಟ್ಟೆ ಒಂದೇ ಕಡೆ ಗುಪ್ಪೆ ಹಾಕುತ್ತದೆ, ಕೆಲವು ಸರಿಯಾಗಿ ಅಂಟಿಕೊಳ್ಳುವುದಿಲ್ಲ, ಬೆರಳಿಗೆ ಉದುರುತ್ತವೆ. ಇದನ್ನು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ, ನಾನೂ ಎಂದೂ ಗಮನಿಸಿರಲಿಲ್ಲ. ಎರಡು ವರ್ಷದಲ್ಲಿ ಸಾವಿರಾರು ಹಾಳೆ ಕೈದಾಟಿ ಹೋಗಿವೆ. ಮನಸ್ಸು ಊರು ಸುತ್ತುತ್ತಿದ್ದಾಗಲೆಲ್ಲ ಕೈ ಸುಮ್ಮನೆ ಪಾಠ ಕಲಿತುಕೊಂಡಿದೆ, ಕಲಿತಿದ್ದೇನೆ ಎಂದು ನನಗೊಂದು ಮಾತೂ ಹೇಳದೆ.

ಅತ್ತಿಗೆಗೂ ಹೀಗೇ ಆಗಿದೆ. ಹಾಡುತ್ತ ತಟ್ಟೆ ಬದಲಾಯಿಸುವಾಗ ಅವಳ ಬೆರಳಿಗೆ ಹುಳುಗಳ ಅಳತೆಯ ಏರುಪೇರು ಸಿಕ್ಕಿದೆ. ಅದಕ್ಕೇ 'ಹಂಗನ್ನಿಸ್ತು' ಎಂದಳು. ಅದನ್ನು ಅಮ್ಮ ತಪ್ಪೊಪ್ಪಿಗೆ ಮಾಡಿದಳು.

'ರತ್ನ ಮೈಮರೆತಿದ್ದಳು, ರೋಗದ ಹಾಳೆ ತಪ್ಪಿಸಿಕೊಂಡು ಬಂತು' ಎಂದು ಹೇಳಿದರೆ ಊರಿನಲ್ಲಿ ಎಲ್ಲರೂ ನಂಬುತ್ತಾರೆ. ನೀವು ಎಲ್ಲರಿಗಿಂತ ಮೊದಲು ನಂಬುತ್ತೀರಿ. ಆದರೆ ನಡೆದದ್ದು ಅದಲ್ಲ. ಮೈಮರೆತಾಗ ಸರಿಯಾಗಿ ಆರಿಸಿದ್ದೆ. ಎಚ್ಚೆತ್ತು, ನಾಲ್ಕು ಚಿಟ್ಟೆಯ ನಿಯಮ ಹಿಡಿದು, ನನ್ನ ಕೈಯನ್ನೇ ನಂಬದೆ ಕೆಡಿಸಿದೆ. ಆ ನಾಲ್ಕರಲ್ಲಿ ಇರದ ರೋಗ ಅರೆಯದೆ ಬಿಟ್ಟ ಹದಿನಾರರಲ್ಲಿತ್ತು. ಯಾಕೆ ಬೇರೆ ಇಟ್ಟೆ ಎಂದು ಒಂದು ಗಳಿಗೆ ನನ್ನನ್ನು ನಾನೇ ಕೇಳಿಕೊಂಡಿದ್ದರೆ ಅತ್ತಿಗೆ ಇವತ್ತು ಮನೆಯಲ್ಲಿರುತ್ತಿದ್ದಳು.

ಜಯರಾಮಯ್ಯನವರಿಗೆ ಎಲ್ಲ ತೋರಿಸಿದೆ. ಇನ್ನು ಮೇಲೆ ಗುಪ್ಪೆ ಇಟ್ಟ ಹಾಳೆಗಳ ಇಪ್ಪತ್ತು ಚಿಟ್ಟೆಯನ್ನೂ ಅರೆಯಿರಿ ಎಂದರು. ಆಮೇಲೆ ಬಾಗಿಲು ಹಾಕಿಕೊಂಡು, 'ಸುಮ್ಮಾ ಇರಮ್ಮ. ಹೊರಗೆ ಗೊತ್ತಾದರೆ ನಮ್ಮ ಮೊಟ್ಟೆ ಯಾರು ತಗೊಂತಾರೆ? ನೀನೂ ಕೆಲಸ ಬಿಡಬೇಕಾಗ್ತದೆ' ಎಂದರು. ನಾನು ಸುಮ್ಮನಿರುವುದಿಲ್ಲ. ಈ ಕಾಗದವನ್ನು ಅಮ್ಮನಿಗೆ, ಅಣ್ಣನಿಗೆ, ಮಾವನಿಗೆ ಓದಿ. ಅತ್ತಿಗೆಯನ್ನು ಕರೆದುಕೊಂಡು ಬನ್ನಿ.

ರತ್ನ


ಸಾನಮಾವು
18-10-1982

ರತ್ನಳಿಗೆ ಕದಿರಪ್ಪನ ಆಶೀರ್ವಾದ.

ನಿನ್ನ ಕಾಗದವನ್ನು ಹಿಪ್ಪುನೇರಳೆ ತೋಟದ ಬದುವಿನ ಮೇಲೆ ಕೂತು ಓದಿದೆ. ಓದಿ ಮುಗಿಸಿ ಮತ್ತೆ ಮೊದಲಿನಿಂದ ಓದಿದೆ. ಸಿಟ್ಟು ಬಂತು. ಯಾರ ಮೇಲೆ ಎಂದು ತಿಳಿಯದೆ ಕುಡುಗೋಲು ಬೀಸಿ ಎಸೆದೆ, ಹುಡುಕಲು ಅರ್ಧ ಗಂಟೆಯಾಯಿತು.

ಕಂಡಕ್ಟರ್ ಆಗಿ ಟಿಕೆಟ್ ಹರಿಯುತ್ತಿದ್ದವಳು ರೋಗ ಹಿಡಿದಳು, ಕಣ್ಣಲ್ಲಿ ಕಣ್ಣಿಟ್ಟು ನೋಡಿದವಳು ಬಿಟ್ಟುಬಿಟ್ಟಳು! ಇದನ್ನು ನಾನು ಯಾರ ಮುಂದೆ ಹೇಳಲಿ? ಚಿಕ್ಕಂದಿನಲ್ಲಿ ನಿನಗೆ ಕೊಟ್ಟ ಮೊಟಕುಗಳನ್ನೆಲ್ಲ ವಾಪಸ್ಸು ತೆಗೆದುಕೊಳ್ಳಬೇಕೇನಮ್ಮ? ನಾಳೆ ನಿನ್ನನ್ನು ಕೇಳಿಕೊಂಡು ಬರುವವರಿಗೆ, ಈ ಹುಡುಗಿ ಊರಿಗೆ ರೋಗದ ಮೊಟ್ಟೆ ಕಳಿಸಿದವಳು ಎಂದು ಯಾರಾದರೂ ಹೇಳಿದರೆ? ಅಪ್ಪನಾಗಿ ಇದನ್ನೂ ಯೋಚಿಸಿದೆ. ನಾಲ್ಕು ದಿನ ಕಾಗದವನ್ನು ಅಂಗಿಯ ಒಳಜೇಬಿನಲ್ಲೇ ಇಟ್ಟುಕೊಂಡು ಓಡಾಡಿದೆ.

ಐದನೇ ದಿನ ನಿಮ್ಮಮ್ಮನಿಗೆ ಹೇಳಿದೆ. ಅವಳು ಒಪ್ಪಲಿಲ್ಲ. 'ಅತ್ತಿಗೇನ ಉಳ್ಸೋಕೆ ನಿಮ್ ಮಗಳು ಕತೆ ಕಟ್ತಾವ್ಳೆ' ಎಂದು ಎದ್ದು ಒಳಗೆ ಹೋದಳು. ಆ ಹೊತ್ತು ಅನ್ನಕ್ಕೂ ಬರಲಿಲ್ಲ. ಚೆನ್ನಕೇಶವನಿಗೆ ಹೇಳಿದೆ. ಅವನು, 'ನೀವೇ ಹೋಗಿ ಕರ್ಕೊಂಡ್ ಬನ್ನಿ ಅಪ್ಪ' ಎಂದ. ಗಂಡಸಾಗಿ ಹುಟ್ಟಿದವನು ತಾನೇ ಹೋಗಬಾರದೇ? ನಾನೇ ಹೋದೆ.

ಜವಳಗಿರಿ ದಾರಿಯಲ್ಲಿ ಆನೆ ನಿಂತಿದೆ ಎಂದು ಬಸ್ಸು ಎರಡು ಗಂಟೆ ತಡ. ನಾನು ಹೋದಾಗ ನರಸಮ್ಮ ರಾಗಿ ಬೀಸುತ್ತಿದ್ದಳು. ಎದ್ದು ಚಾಪೆ ಹಾಕಿದಳು, ನೀರು ಕೊಟ್ಟಳು. ನಾನು ಎಲ್ಲವನ್ನೂ ಹೇಳಿದೆ. ಮೊಟ್ಟೆ ಕೆಟ್ಟಿತ್ತು, ನಿನ್ನ ತಪ್ಪಿಲ್ಲ, ಮನೆಗೆ ಬಾರಮ್ಮ ಎಂದೆ. ಅಳುತ್ತಾಳೆ ಎಂದುಕೊಂಡಿದ್ದೆ. ಅಳಲಿಲ್ಲ.

'ಮಾವ, ಮೊಟ್ಟೆ ಕೆಟ್ಟಿತ್ತು, ಅದ್ಕೆ ನೀನು ಒಳ್ಳೇವ್ಳು ಅಂತೀರ. ಮೊಟ್ಟೆ ಚೆನ್ನಾಗಿದ್ದು ಹುಳ ಸತ್ತಿದ್ರೆ? ಆಗ ನಾನು ಕೆಟ್ಟೋಳೇನಾ?' ಎಂದಳು.

ನಾನು ಬಾಯಿ ತೆರೆಯುವುದರೊಳಗೆ ಮತ್ತೆ ಹೇಳಿದಳು: 'ನಾನು ಆವತ್ತು ಹೊರಗಾಗಿರ್ಲಿಲ್ಲ, ಅದು ದೇವ್ರಾಣೆ ನಿಜ. ಆಗಿದ್ದು ಒಳಕ್ಕೆ ಹೋಗಿದ್ರೆ ಹುಳ ಸಾಯ್ತಿತ್ತಾ? ರತ್ನ ಅಷ್ಟೊಂದ್ ಮೊಟ್ಟೆ ಮುಟ್ತಾಳಲ್ಲ, ತಿಂಗ್ಳಿಗೆ ಮೂರು ದಿನ ರಜ ಹಾಕ್ತಾಳಾ? ಕೇಳಿ ನೋಡಿ ಮಾವ. ಅವ್ಳು ಏನಂತಾಳೋ ಅದ್ನ ನನ್ ಮೇಲೆ ತಪ್ಪು ಹೊರ್ಸಿದ್ ಜಾಗದಾಗೇ ನಿಂತು ಹೇಳಿ. ಆಮೇಲೆ ಬತ್ತೀನಿ. ಅಲ್ಲೀಗಂಟ ಬರಾಕಿಲ್ಲ.'

ನನಗೆ ಕಪಾಳಕ್ಕೆ ಹೊಡೆದಂತಾಯಿತು. ಸೊಸೆ ಮಾವನ ಹತ್ತಿರ ಆಡುವ ಮಾತೇ ಇದು? ಎದ್ದು ಬಂದುಬಿಟ್ಟೆ. ಬಸ್ಸಿನಲ್ಲಿ ಕೂತ ಮೇಲೆ ಅವಳ ಮಾತು ತಲೆಯಲ್ಲಿ ತಿರುಗತೊಡಗಿತು. ಇಷ್ಟು ವರ್ಷದಿಂದ ನಮ್ಮೂರಿಗೆಲ್ಲ ಅಂಥ ಕೇಂದ್ರಗಳಿಂದಲೇ ಮೊಟ್ಟೆ ಬರುತ್ತದೆ. ಮುಟ್ಟುವವರೆಲ್ಲ ಹೆಣ್ಣುಮಕ್ಕಳು. ನಾನೇಕೆ ಇದನ್ನು ಯೋಚಿಸಿಯೇ ಇರಲಿಲ್ಲ?

ಅಪ್ಪ ಮಗಳಿಗೆ ಕೇಳುವ ಪ್ರಶ್ನೆಯಲ್ಲ ಇದು. ಆದರೂ ಕೇಳುತ್ತಿದ್ದೇನೆ. ರಜ ಹಾಕುತ್ತೀಯಾ?

ಕದಿರಪ್ಪ


ಆಲಸನತ್ತಂ
21-10-1982

ಅಪ್ಪ,

ಇಲ್ಲ. ಎರಡು ವರ್ಷದಲ್ಲಿ ಒಂದು ದಿನವೂ ಹಾಕಿಲ್ಲ.

ಇಲ್ಲಿ ಹದಿನಾಲ್ಕು ಜನ ಹೆಂಗಸರಿದ್ದೇವೆ. ಯಾರೂ ಹಾಕುವುದಿಲ್ಲ. ಹಾಕಿದರೆ ಸಂಬಳ ಹಿಡಿಯುತ್ತಾರೆ. ಯಾವ ದಿನ ನೋಡಿದರೂ ನಮ್ಮಲ್ಲಿ ಒಬ್ಬಿಬ್ಬರಾದರೂ ಹೊರಗಾದವರು ಇದ್ದೇ ಇರುತ್ತಾರೆ. ಅವರೇ ಚಿಟ್ಟೆ ಹಿಡಿಯುತ್ತಾರೆ, ಅವರೇ ಹಾಳೆ ತೊಳೆದು ಒಣಗಿಸುತ್ತಾರೆ, ಅವರೇ ಕಟ್ಟು ಕಟ್ಟುತ್ತಾರೆ. ಆ ಹಾಳೆಗಳನ್ನೇ ನೀವೆಲ್ಲ ಕಣ್ಣಿಗೆ ಒತ್ತಿಕೊಂಡು, ಅರಿಶಿನ ಕುಂಕುಮ ಇಟ್ಟು ಹುಳದ ಮನೆಗೆ ತೆಗೆದುಕೊಂಡು ಹೋಗುತ್ತೀರಿ. ಬೆಳೆ ಬರುತ್ತದೆ. ಹೋದ ಯುಗಾದಿಯ ಬೆಳೆಗೆ ಊರಿಗೆಲ್ಲ ನಿಮ್ಮ ಗೂಡೇ ಮೇಲು ಎಂದು ನೀವೇ ಬರೆದಿದ್ದಿರಿ.

ಐದು ಹಾಳೆಗಳನ್ನು ಕೈ ಬೇರೆ ಇಟ್ಟಿತಲ್ಲ, ಆ ದಿನವೂ ನಾನು ಹೊರಗಾಗಿದ್ದೆ. ಆ ಕೈಯೇ ಸರಿಯಾಗಿ ಹೇಳಿತ್ತು.

ನನಗೆ ದಿಗಿಲಾಗುತ್ತಿರುವುದು ಬೇರೆಯದಕ್ಕೆ. ಅತ್ತಿಗೆಯ ಮೇಲೆ ಬಂದ ಮಾತನ್ನು ನಿಮ್ಮ ಮೊದಲ ಕಾಗದದಲ್ಲಿ ಓದಿದ ಕೂಡಲೇ ಇದನ್ನು ಬರೆಯಬಹುದಿತ್ತು. ಬರೆಯಲಿಲ್ಲ. ಹುಳು ತರಿಸಿಕೊಂಡೆ, ಅರೆದೆ, ಎರಡು ದಿನ ಗಾಜು ನೋಡಿದೆ, ಮೂರು ಪುಟ ಬರೆದೆ, ತಪ್ಪು ಒಪ್ಪಿಕೊಂಡು ದೊಡ್ಡವಳಾದೆ. ಈ ಒಂದು ಸಾಲು ಮಾತ್ರ ಪೆನ್ನಿಗೆ ಬರಲೇ ಇಲ್ಲ. ಮರೆತಿದ್ದೆ ಎಂದರೆ ಸುಳ್ಳು. ಬರೆದರೆ ನೀವು ಕೆಲಸ ಬಿಡಿಸುತ್ತೀರಿ, ಅಮ್ಮ ನನ್ನ ಕೈಯಿಂದ ಮೊಟ್ಟೆ ತೆಗೆದುಕೊಳ್ಳುವುದಿಲ್ಲ ಎಂಬ ಭಯ. ನನ್ನ ಭಯಕ್ಕೆ ಅತ್ತಿಗೆ ಒಂದು ತಿಂಗಳು ತವರಿನಲ್ಲಿ ರಾಗಿ ಬೀಸಿದಳು.

ಈ ಕಾಗದವನ್ನು ಅಂಗಳದಲ್ಲಿ ನಿಂತು ಜೋರಾಗಿ ಓದಿ. ನನ್ನ ಮದುವೆಯ ಯೋಚನೆ ನನಗಿರಲಿ.

ಗಂಗರತ್ನಮ್ಮ


ಸಾನಮಾವು
9-11-1982

ರತ್ನಾ,

ಓದಿದೆ.

ಹೇಗೆ ಎಂದು ಕೇಳಬೇಡ. ನಿನ್ನ ಕಾಗದ ಬಂದು ಹದಿನೈದು ದಿನ ಒಳಜೇಬಿನಲ್ಲೇ ಇತ್ತು. ಮೊನ್ನೆ ಭಾನುವಾರ ವೆಂಕಟರಮಣಪ್ಪ ನ್ಯಾಯದ ದಿನ ಗೊತ್ತುಮಾಡಲು ನಾಲ್ಕು ಜನರನ್ನು ಕರೆದುಕೊಂಡು ಬಂದ. ನರಸಮ್ಮ ನಿಂತಿದ್ದ ಅದೇ ಅಂಗಳ. ಅವರೆಲ್ಲ ಕೂತರು, ನಾನು ನಿಂತೆ. ಕಾಗದ ತೆಗೆದು ಮೊದಲಿಂದ ಕೊನೆಯವರೆಗೆ ಓದಿದೆ. ನನ್ನ ಮಗಳ ಬಗ್ಗೆ, ಗಂಡಸರ ಮುಂದೆ, ಆ ಪದಗಳನ್ನು ನನ್ನ ಬಾಯಿಂದ ಹೇಳಿದೆ. ಕಿವಿ ಸುಟ್ಟುಹೋಯಿತು.

ಒಬ್ಬ, 'ಥೂ' ಎಂದು ಎದ್ದ. ಇನ್ನೊಬ್ಬ, ಇನ್ನು ಆ ಕೇಂದ್ರದ ಮೊಟ್ಟೆ ಬೇಡ ಎಂದ. ಬೇರೆ ಕೇಂದ್ರದಲ್ಲಿ ಗಂಡಸರು ಚಿಟ್ಟೆ ಹಿಡಿಯುತ್ತಾರೇನೋ ಎಂದು ನಾನು ಕೇಳಿದೆ. ವೆಂಕಟರಮಣಪ್ಪ ನನ್ನನ್ನು ಬಿಟ್ಟು ತಂಗಿಯ ಕಡೆ ತಿರುಗಿದ. 'ಏನಮ್ಮ ಪಾರ್ವತಿ, ನೀನಾದ್ರೂ ಬುದ್ಧಿ ಹೇಳು. ಮೂವತ್ತು ವರ್ಷ ನೇಮದಾಗೆ ಹುಳ ಸಾಕ್ದೋಳು ನೀನು' ಎಂದ.

ನಿಮ್ಮಮ್ಮ ಹೊಸ್ತಿಲ ಹತ್ತಿರ ನಿಂತಿದ್ದಳು. ಬಾಗಿಲ ಚೌಕಟ್ಟು ಹಿಡಿದುಕೊಂಡಳು.

'ಯಾವ್ ನೇಮ ಅಣ್ಣ?' ಎಂದಳು. 'ನಾನು ಈ ಮನೆಗೆ ಬಂದಾಗ ಅತ್ತೆ ಇಲ್ಲ, ನಾದಿನಿ ಇಲ್ಲ. ನಾಲ್ಕನೇ ಜ್ವರ ಎದ್ದ ಹುಳ ನಂಗೋಸ್ಕರ ಮೂರು ದಿನ ಉಪಾಸ ಕೂತಿರ್ತದಾ? ಪ್ರತಿ ಸಲಾನೂ ಒಳಕ್ಕೆ ಹೋಗೀನಿ. ಸೊಪ್ಪು ಹಾಕೀನಿ. ಈ ಸಲಾನೂ ಹೋಗಿದ್ದೆ. ಮೂರನೇ ಜ್ವರದಾಗೆ ಹೊರಗಾಗಿದ್ದೋಳು ನಾನೇ.'

ಕೊಟ್ಟಿಗೆಯಲ್ಲಿ ಎಮ್ಮೆ ಮೆಲುಕು ಹಾಕುವುದು ಕೇಳುತ್ತಿತ್ತು.

'ಹುಳ ಸತ್ತಾಗ ಎದೆ ಝಲ್ ಅಂತು. ಇಷ್ಟು ವರ್ಷ ಮುಚ್ಚಿಟ್ಟಿದ್ದು ಈಗ ತಿರುಗ್ಬಿತ್ತು ಅಂದ್ಕಂಡೆ. ಎಲ್ರೂ ನನ್ ಕಡೆ ನೋಡ್ತಾರೆ ಅಂದ್ಕಂಡು ಅವ್ಳ ಕಡೆ ಬೆಳ್ಳು ತೋರಿಸ್ಬುಟ್ಟೆ. ನನ್ ಮಗಳು ಅವ್ಳ ತಪ್ಪಿಲ್ಲ ಅಂತ ಬರೆದ್ರೂ ನಂಬೋಕೆ ಧೈರ್ಯ ಬರ್ಲಿಲ್ಲ' ಎಂದು ನೆಲಕ್ಕೆ ಕುಸಿದು ಕೂತಳು.

ವೆಂಕಟರಮಣಪ್ಪ ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು ಹೋಗಿಬಿಟ್ಟ. ಕಾಫಿಗೂ ನಿಲ್ಲಲಿಲ್ಲ.

ಮಾರನೇ ದಿನ ಮೊದಲನೇ ಬಸ್ಸಿಗೆ ನಿಮ್ಮಮ್ಮ ಜವಳಗಿರಿಗೆ ಹೊರಟಳು. ಚೆನ್ನಕೇಶವ ಡ್ಯೂಟಿಗೆ ರಜ ಹಾಕಿ ಹಿಂದೆ ಹೋದ. ಅಲ್ಲಿ ಅತ್ತೆ ಸೊಸೆ ಏನು ಮಾತಾಡಿದರೋ ಇಬ್ಬರೂ ಹೇಳುತ್ತಿಲ್ಲ. ನಿನ್ನೆ ಸಂಜೆ ಮೂವರೂ ಬಂದರು. ನರಸಮ್ಮ ಗಂಡನ ಜೊತೆ ಇನ್ನೂ ಮಾತಾಡಿಲ್ಲ. ಅವನು ಮೂರು ಸಲ ನೀರು ಕೇಳಿ ಕುಡಿದ, ಮೂರು ಸಲವೂ ಚೊಂಬು ಕುಕ್ಕಿ ಇಟ್ಟಳು. ಕುಕ್ಕಲಿ, ಅವನಿಗೆ ಆಗಬೇಕು. ಮುಂದಿನ ಬೆಳೆಗೆ ಮೊಟ್ಟೆ ನಿನ್ನ ಹತ್ತಿರವೇ ತರಬೇಕಂತೆ, ಅತ್ತೆ ಸೊಸೆ ಇಬ್ಬರದೂ ಒಂದೇ ಮಾತು. ಜಯರಾಮಯ್ಯ ನಿನ್ನನ್ನು ಕೆಲಸದಿಂದ ತೆಗೆದರೆ ಮನೆಗೆ ಬಾ, ಇಲ್ಲಿ ಹಾಳೆ ಆರಿಸಿಕೊಡು. ಯಾವ ಬಸ್ಸಿನಲ್ಲಿ ಬೇಕಾದರೂ ಕಂಡಕ್ಟರ್ ಆಗು, ಇನ್ನು ಮೊಟಕುವುದಿಲ್ಲ.

ನನ್ನದೊಂದು ಮಾತು ಉಳಿದಿದೆ. ಈ ಮನೆಯ ಹೆಂಗಸರಿಗೆಲ್ಲ ಗೊತ್ತಿದ್ದದ್ದು ನನಗೊಬ್ಬನಿಗೆ ಗೊತ್ತಿರಲಿಲ್ಲ ಎಂದು ಬರೆಯಲು ಕೂತಿದ್ದೆ. ಬರೆಯಲಾಗಲಿಲ್ಲ. ನಿಮ್ಮಮ್ಮ ಜಗಲಿಯಲ್ಲಿ ಬೇರೆ ಮಲಗುತ್ತಿದ್ದದ್ದನ್ನು ತಿಂಗಳು ತಿಂಗಳೂ ನೋಡಿದ್ದೇನೆ. ಆ ದಿನಗಳಲ್ಲಿ ನಾನು ತೋಟದಿಂದ ಸೊಪ್ಪು ತಂದು ಬಾಗಿಲಲ್ಲಿ ಹಾಕಿ, ತಿರುಗಿ ನೋಡದೆ ಹೋಗುತ್ತಿದ್ದೆ. ಮನೆಯಲ್ಲಿ ಬೇರೆ ಹೆಂಗಸಿರಲಿಲ್ಲ, ನೀನಿನ್ನೂ ತೊಟ್ಟಿಲಲ್ಲಿದ್ದೆ. ಸಂಜೆ ಬಂದರೆ ಸೊಪ್ಪು ಖಾಲಿ, ಹುಳುಗಳ ಹೊಟ್ಟೆ ತುಂಬಿರುತ್ತಿತ್ತು. ಯಾರು ಹಾಕಿದರು ಎಂದು ನಾನು ಒಂದು ಸಲವೂ ಕೇಳಲಿಲ್ಲ.

ನಿನ್ನ ಅಪ್ಪ
ಕದಿರಪ್ಪ